ಕೊಚ್ಚಿಯ ಕಡಲಿನಿಂದ ಹೃದಯದ ಧಮನಿಗೆ: ಒಂದು ಪ್ರತಿಧ್ವನಿಯ ಚರಿತ್ರೆ

ಕೇರಳದಲ್ಲಿ ನೆಲೆಸಿದ ಕನ್ನಡಿಗರ ಮನೆಮಾತಿಗೂ ಮಲಯಾಳಿ ನೆರೆಹೊರೆಯವರ ಮಾತಿಗೂ ಸಮಾನವಾದ ಪದಗಳು ಹಲವಿವೆ. ಅವುಗಳಲ್ಲಿ ಇತ್ತೀಚಿನದು, ಸಂಸ್ಕೃತದಿಂದಲೂ ಬಾರದೆ ದ್ರಾವಿಡ ಮೂಲದಿಂದಲೂ ಬಾರದೆ ಆಸ್ಪತ್ರೆಯ ಚೀಟಿಯಿಂದ ಬಂದದ್ದು, ‘ಬ್ಲಾಕ್’ ಎಂಬ ಪದ. ಇಂಥವರಿಗೆ ಮೂರು ಬ್ಲಾಕ್ ಇತ್ತಂತೆ, ಒಂದು ತೊಂಬತ್ತು ಪರ್ಸೆಂಟ್ ಅಂತೆ, ಸ್ಟೆಂಟ್ ಹಾಕಿದರಂತೆ ಎಂಬ ಮಾತು ಕೇಳದ ಮದುವೆಮನೆಯಿಲ್ಲ, ಸಂಘದ ಸಭೆಯಿಲ್ಲ. ಆ ಪದದೊಳಗೆ ಒಂದು ಚಿತ್ರವಿದೆ. ಹೃದಯದ ಧಮನಿಯೆಂದರೆ ನೀರಿನ ಕೊಳವೆ. ವರ್ಷಾನುಗಟ್ಟಲೆ ಅದರಲ್ಲಿ ಜಿಡ್ಡು ಕಟ್ಟುತ್ತದೆ. ಪೂರ್ತಿ ಕಟ್ಟಿಕೊಂಡ ದಿನ ಹೃದಯಾಘಾತವಾಗುತ್ತದೆ. ಚಿತ್ರ ಎಷ್ಟು ಸರಳವೆಂದರೆ ಅದನ್ನು ಸಂದೇಹಿಸಬೇಕೆಂದು ಯಾರಿಗೂ ತೋರುವುದಿಲ್ಲ. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಏನೂ ದೋಷ ಕಾಣದವರು ತಿಂಗಳೊಳಗೆ ಹಠಾತ್ತನೆ ತೀರಿಕೊಂಡಾಗ ಮಾತ್ರ ಆ ಚಿತ್ರ ಅಲುಗಾಡುತ್ತದೆ. ಆಗಲೂ ನಾವು ಚಿತ್ರವನ್ನು ಬಿಡುವುದಿಲ್ಲ. ವೈದ್ಯರು ಸರಿಯಾಗಿ ನೋಡಲಿಲ್ಲವೆನ್ನುತ್ತೇವೆ, ಇಲ್ಲವೆ ವಿಧಿಯೆನ್ನುತ್ತೇವೆ.

ಕೊಳವೆಯ ಚಿತ್ರ ಅರ್ಧಸತ್ಯವೆಂದು ವೈದ್ಯಶಾಸ್ತ್ರ ತಿಳಿದುಕೊಂಡು ನಾಲ್ಕು ದಶಕವಾಯಿತು. ಬಹುಪಾಲು ಹೃದಯಾಘಾತಗಳು ಆಗುವುದು ಧಮನಿ ನಿಧಾನವಾಗಿ ಮುಚ್ಚಿಹೋಗುವುದರಿಂದಲ್ಲ, ಧಮನಿಯ ಗೋಡೆಯೊಳಗೆ ಅಡಗಿದ ಮೆತ್ತನೆಯ ಜಿಡ್ಡಿನ ಗಂಟೊಂದು ಇದ್ದಕ್ಕಿದ್ದಂತೆ ಒಡೆದು, ಒಡೆದಲ್ಲಿ ರಕ್ತ ಹೆಪ್ಪುಗಟ್ಟುವುದರಿಂದ. ವೈದ್ಯರು ಈ ಗಂಟನ್ನು ಪ್ಲಾಕ್ ಎನ್ನುತ್ತಾರೆ. ಒಡೆಯುವ ಹದಕ್ಕೆ ಬಂದದ್ದನ್ನು ನಾವಿಲ್ಲಿ ಒಡೆಯಬಲ್ಲ ಪ್ಲಾಕ್ ಎನ್ನೋಣ. ಅದನ್ನು ಒಡೆಯುವ ಮೊದಲೇ ಕಾಣಬಹುದೆ? ಈ ಪ್ರಶ್ನೆಗೆ ಉತ್ತರವಾಗಿ ಬಂದ ಸಾಧನಗಳಲ್ಲಿ ಮೊದಲನೆಯದು ಶ್ರವಣಾತೀತ ಧ್ವನಿ, ಅಂದರೆ ಅಲ್ಟ್ರಾಸೌಂಡ್. ಅದರ ಚರಿತ್ರೆಯನ್ನು ಲಂಡನ್ನಿನಿಂದಲೋ ಕ್ಲೀವ್‌ಲ್ಯಾಂಡಿನಿಂದಲೋ ಹೇಳುವುದು ವಾಡಿಕೆ. ನಾವು ಕೊಚ್ಚಿಯಿಂದ ಹೇಳುತ್ತೇವೆ. ಅದು ಬರಿಯ ಊರಭಿಮಾನದಿಂದಲ್ಲ. ಕಾಣದುದನ್ನು ಪ್ರತಿಧ್ವನಿಯಿಂದ ಹುಡುಕುವುದರ ಕಷ್ಟವೇನೆಂಬುದನ್ನು ಈ ಊರು ಧಮನಿಯಲ್ಲಿ ಅಲ್ಲ, ಕಡಲಿನಲ್ಲಿ ಮೊದಲು ಕಲಿತಿತ್ತು.

1971ರ ಡಿಸೆಂಬರ್ 9ರ ರಾತ್ರಿ, ದೀವ್ ಬಳಿಯ ಅರಬ್ಬೀ ಸಮುದ್ರದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ಭಾರತದ ಯುದ್ಧನೌಕೆ ‘ಖುಕ್ರಿ’ಯನ್ನು ಮುಳುಗಿಸಿತು. 18 ಅಧಿಕಾರಿಗಳೂ 176 ನಾವಿಕರೂ ಸತ್ತರು. ಹಡಗಿನೊಡನೆಯೇ ಮುಳುಗಿದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರ ಹೆಸರು ಎಲ್ಲರಿಗೂ ಗೊತ್ತು. ನೌಕಾಪಡೆಯೊಳಗೆ ಬಹುಕಾಲ ಉಳಿದ ನೋವು ಮತ್ತೊಂದು: ಹುಡುಕಲು ಹೋದವರಿಗೆ ಶತ್ರು ಕೇಳಿಸಲಿಲ್ಲ, ಶತ್ರುವಿಗೆ ಇವರು ಕೇಳಿಸಿದರು. ಹಡಗಿನಲ್ಲಿದ್ದದ್ದು ಬ್ರಿಟಿಷರ 170ಬಿ ಸೋನಾರ್. ನೀರಿನೊಳಕ್ಕೆ ಧ್ವನಿಯ ಮಿಡಿತವೊಂದನ್ನು ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ವಸ್ತುವಿನ ದಿಕ್ಕನ್ನೂ ದೂರವನ್ನೂ ಎಣಿಸುವುದು ಅದರ ಕೆಲಸ. ಯುದ್ಧದ ಮರುವರ್ಷ ಅದನ್ನು ಸುಧಾರಿಸುವ ಹೊಣೆ ಐಐಟಿ ದೆಹಲಿಯಲ್ಲಿ ಸಂಶೋಧನೆ ಮಾಡುತ್ತಿದ್ದ ತರುಣ ನೌಕಾಧಿಕಾರಿ ಆರೋಗ್ಯಸ್ವಾಮಿ ಪೌಲರಾಜ್ ಅವರ ಪಾಲಿಗೆ ಬಂತು. ಮುಂದೆ ಅವರು ಕೊಚ್ಚಿಯ ನೌಕಾ ಭೌತ ಮತ್ತು ಸಾಗರವಿಜ್ಞಾನ ಪ್ರಯೋಗಾಲಯಕ್ಕೆ ಬಂದು, ದೇಶದ ಮೊದಲ ದೊಡ್ಡ ಸ್ವದೇಶಿ ಸೋನಾರ್ ಆದ ‘ಅಪ್ಸೋ’ವನ್ನು ರೂಪಿಸಿದರು. 1980ರ ದಶಕದ ಮೊದಲ ವರ್ಷಗಳಲ್ಲಿ ಅದು ‘ಹಿಮಗಿರಿ’ ನೌಕೆಯಲ್ಲಿ ಕೂತಿತು. ಅದನ್ನು ತಯಾರಿಸಿದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಪೌಲರಾಜ್ ಆಮೇಲೆ ಸ್ಟ್ಯಾನ್‌ಫರ್ಡಿಗೆ ಹೋಗಿ, ಇಂದು ಎಲ್ಲರ ಕೈಯ ಮೊಬೈಲಿನಲ್ಲಿರುವ ಬಹು-ಆಂಟೆನಾ ತಂತ್ರಕ್ಕೆ ಕಾರಣರಾದರು. ಆ ಕಥೆ ಬೇರೆ.

1952ರಲ್ಲಿ ಆರಂಭವಾದ, ಈಗ ತೃಕ್ಕಾಕ್ಕರದಲ್ಲಿರುವ ಆ ಪ್ರಯೋಗಾಲಯವನ್ನು ನಮ್ಮ ಕೊಚ್ಚಿಯ ಕನ್ನಡಿಗರು ಬೇಲಿಯಾಚೆಯಿಂದ ಮಾತ್ರ ಬಲ್ಲರು. ಅದನ್ನು 1984ರಿಂದ 1991ರವರೆಗೆ ನಡೆಸಿದವರು ಬೆಂಗಳೂರಿನ ವಾಸುದೇವ ಕಲ್ಕುಂಟೆ ಆತ್ರೆ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಓದಿ, ಕೆನಡಾದಲ್ಲಿ ಹಲವು ವರ್ಷ ಪಾಠ ಹೇಳಿ, 1980ರಲ್ಲಿ ಕೊಚ್ಚಿಗೆ ಬಂದವರು. ಮುಂದೆ ಅಬ್ದುಲ್ ಕಲಾಂ ಅವರ ನಂತರ ರಕ್ಷಣಾ ಮಂತ್ರಿಯ ವೈಜ್ಞಾನಿಕ ಸಲಹೆಗಾರರಾದರು. 2016ರಲ್ಲಿ ಪದ್ಮವಿಭೂಷಣ ಬಂತು. ಹೊರನಾಡ ಕನ್ನಡಿಗರ ಸಾಧನೆಯ ಪಟ್ಟಿಗಳಲ್ಲಿ ಸಾಹಿತಿಗಳೂ ಹೋಟೆಲು ಕಟ್ಟಿದವರೂ ಇರುವಷ್ಟು ಇಂಥವರು ಇರುವುದಿಲ್ಲವೆಂಬುದು ನಮ್ಮ ಒಂದು ಹಳೆಯ ತಕರಾರು.

ಆ ಪ್ರಯೋಗಾಲಯದ ಹೆಸರಿನಲ್ಲಿ ‘ಸಾಗರವಿಜ್ಞಾನ’ ಏಕಿದೆಯೆಂಬುದು ಮುಖ್ಯ. ಯಂತ್ರ ಚೆನ್ನಾಗಿದ್ದರೆ ಸಾಲದು. ಧ್ವನಿ ಸಾಗುವ ನೀರನ್ನೂ ಬಲ್ಲವರಾಗಬೇಕು. ಉಷ್ಣವಲಯದ ಕಡಲಿನ ಮೇಲ್ಪದರ ಹಗಲಿನ ಬಿಸಿಲಿಗೆ ಕಾಯುತ್ತದೆ. ಬೆಚ್ಚನೆಯ ನೀರಿನಲ್ಲಿ ಧ್ವನಿಯ ವೇಗ ಹೆಚ್ಚು, ಕೆಳಗಿನ ತಣ್ಣನೆಯ ನೀರಿನಲ್ಲಿ ಕಡಿಮೆ. ಆದ್ದರಿಂದ ಹಡಗಿನ ತಳದಿಂದ ಹೊರಟ ಧ್ವನಿ ನೇರವಾಗಿ ಹೋಗದೆ ಕೆಳಕ್ಕೆ ಬಾಗುತ್ತದೆ, ಬಾಗಿದ ಹಾದಿಯಾಚೆ ಧ್ವನಿಯೇ ತಲುಪದ ನೆರಳಿನ ಪ್ರದೇಶವೊಂದು ಉಳಿಯುತ್ತದೆ. ಬೆಳಗ್ಗೆ ಚೆನ್ನಾಗಿ ಕೇಳುತ್ತಿದ್ದ ಸೋನಾರ್ ಮಧ್ಯಾಹ್ನ ಕಿವುಡಾಗುವುದನ್ನು ಅಮೆರಿಕದ ನೌಕಾಪಡೆ 1930ರ ದಶಕದಲ್ಲೇ ಗಮನಿಸಿತ್ತು. ಅಡಗಬೇಕಾದವನಿಗೆ ಈ ನೆರಳೇ ಮನೆ. ಪರಿಹಾರವಾಗಿ ಬಂದದ್ದು, ಸೋನಾರನ್ನು ಹಡಗಿನ ತಳದಲ್ಲಿ ಬಿಡದೆ ಹಗ್ಗ ಕಟ್ಟಿ ಆ ಪದರದ ಕೆಳಗೇ ಇಳಿಸುವ ಉಪಾಯ. ಎರಡನೆಯ ಕಷ್ಟ ಇನ್ನೂ ಸೂಕ್ಷ್ಮವಾದದ್ದು. ಪ್ರತಿಧ್ವನಿ ಬಂತೆಂದರೆ ಅಲ್ಲಿ ಏನೋ ಇದೆಯೆಂದಷ್ಟೇ ಅರ್ಥ. ಅದು ಜಲಾಂತರ್ಗಾಮಿಯೋ, ಮುಳುಗಿದ ಹಳೆಯ ಹಡಗೋ, ಬಂಡೆಯೋ, ಮೀನಿನ ಹಿಂಡೋ? ಕಂಡುಹಿಡಿಯುವುದು ಒಂದು ವಿದ್ಯೆ, ಕಂಡದ್ದು ಏನೆಂದು ನಿರ್ಣಯಿಸುವುದು ಮತ್ತೊಂದು. ನೆರಳು, ಇಳಿಸುವ ಉಪಾಯ, ನಿರ್ಣಯದ ಕಷ್ಟ: ಈ ಮೂರೂ ಧಮನಿಯ ಕಥೆಯಲ್ಲಿ ಮತ್ತೆ ಎದುರಾಗುತ್ತವೆ.

ಕಡಲಿನ ವಿದ್ಯೆ ದೇಹದೊಳಕ್ಕೆ ಬಂದದ್ದು ರೂಪಕವಾಗಿ ಅಲ್ಲ, ಅಕ್ಷರಶಃ. 1880ರಲ್ಲಿ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುವುದನ್ನು ಕಂಡರು. ವಿದ್ಯುತ್ ಕೊಟ್ಟರೆ ಹರಳು ಕಂಪಿಸುತ್ತದೆಂಬುದೂ ಬೇಗನೆ ತಿಳಿಯಿತು. ಪಿಯರ್ ಕ್ಯೂರಿಯವರ ಶಿಷ್ಯ ಪಾಲ್ ಲಾಂಜೆವಾಂ ಮೊದಲ ಮಹಾಯುದ್ಧದ ಕಾಲದಲ್ಲಿ, ಜರ್ಮನಿಯ ಜಲಾಂತರ್ಗಾಮಿಗಳನ್ನು ಹುಡುಕಲು, ಅಂಥ ಸ್ಫಟಿಕದ ಹರಳಿನಿಂದಲೇ ಶ್ರವಣಾತೀತ ಧ್ವನಿಯನ್ನು ನೀರಿಗೆ ಕಳುಹಿಸಿದರು. ನಮ್ಮ ನಾಡೂ ಈ ಕಥೆಯಿಂದ ಹೊರಗಿರಲಿಲ್ಲ. 1935 ಮತ್ತು 1936ರಲ್ಲಿ ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥ್, ದ್ರವದೊಳಗೆ ಸಾಗುವ ಶ್ರವಣಾತೀತ ಅಲೆಗಳು ಸಣ್ಣ ಗೆರೆ ಕೊರೆದ ಗಾಜಿನಂತೆ ಬೆಳಕನ್ನು ಹಲವು ಕಿರಣಗಳಾಗಿ ಒಡೆಯುವುದಕ್ಕೆ ಗಣಿತದ ವಿವರಣೆ ಕೊಟ್ಟರು. ರಾಮನ್–ನಾಥ್ ಸಿದ್ಧಾಂತ ಇಂದಿಗೂ ಅದೇ ಹೆಸರಿನಿಂದ ಪಾಠಪುಸ್ತಕಗಳಲ್ಲಿದೆ. ರಾಮನ್ ಎಂದೊಡನೆ ಒಂದೇ ಪರಿಣಾಮವನ್ನು ನೆನೆಯುವ ನಾವು ಅವರ ಧ್ವನಿಪ್ರೇಮವನ್ನು ಮರೆತಿದ್ದೇವೆ.

ಹೃದಯದ ಮೇಲೆ ಈ ಧ್ವನಿಯನ್ನು ಮೊದಲು ಸಾರ್ಥಕವಾಗಿ ಹರಿಸಿದ್ದು ಸ್ವೀಡನ್ನಿನ ಲುಂಡ್ ನಗರದಲ್ಲಿ. ಹೃದ್ರೋಗವೈದ್ಯ ಇಂಗೆ ಎಡ್ಲರ್, ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್. ಹರ್ಟ್ಸ್ ಅವರು ಸಮೀಪದ ಮಾಲ್ಮೋ ಹಡಗುಕಟ್ಟೆಗೆ ಹೋಗಿ, ಉಕ್ಕಿನ ಬೆಸುಗೆಯಲ್ಲಿ ಬಿರುಕುಗಳಿವೆಯೇ ಎಂದು ನೋಡಲು ಅಲ್ಲಿ ಇಟ್ಟಿದ್ದ ಯಂತ್ರವನ್ನು ವಾರಾಂತ್ಯಕ್ಕೆ ಎರವಲು ಪಡೆದು ತಮ್ಮ ಎದೆಗೇ ಹಿಡಿದುಕೊಂಡರು. ಬಡಿತಕ್ಕೆ ತಕ್ಕಂತೆ ಹಿಂದಕ್ಕೂ ಮುಂದಕ್ಕೂ ಸರಿಯುವ ಪ್ರತಿಧ್ವನಿಯೊಂದು ಕಂಡಿತು. ಆ ಬಳಿಕ ಸೀಮೆನ್ಸ್ ಕಂಪನಿ ಕೊಟ್ಟ ಯಂತ್ರದಲ್ಲಿ 1953ರ ಅಕ್ಟೋಬರ್ 29ರಂದು ಅವರು ಪಡೆದ ದಾಖಲೆಯಿಂದ ಎಕೋಕಾರ್ಡಿಯೋಗ್ರಫಿಯ ಯುಗ ಆರಂಭವಾಯಿತೆನ್ನುತ್ತಾರೆ. ನಮ್ಮ ಊರುಗಳಲ್ಲಿ ‘ಎಕೋ ಮಾಡಿಸಿದೆವು’ ಎನ್ನುವಾಗಿನ ಎಕೋ ಇದೇ. ಸಮುದ್ರದ ನೀರಿನಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. ದೇಹದ ಮೃದುಭಾಗದಲ್ಲಿ ಈ ಯಂತ್ರಗಳು ಲೆಕ್ಕ ಹಾಕುವ ವೇಗ 1,540 ಮೀಟರ್. ಧ್ವನಿಯ ಮಟ್ಟಿಗೆ ಮನುಷ್ಯದೇಹ ಒಂದು ಸಣ್ಣ ಕಡಲು.

ಈ ಕಡಲಿನಲ್ಲಿ ಕೇರಳ ಮೊದಲು ಹುಡುಕಿದ್ದು ಬ್ಲಾಕನ್ನಲ್ಲ. ತಿರುವಾಂಕೂರಿನ ರಾಜಮನೆತನ 1973ರಲ್ಲಿ ಜನರಿಗೆಂದು ಕೊಟ್ಟ ಕಟ್ಟಡದಲ್ಲಿ, ತಿರುವನಂತಪುರದ ಮೆಡಿಕಲ್ ಕಾಲೇಜಿನ ಪಕ್ಕದಲ್ಲಿ, ಶ್ರೀ ಚಿತ್ತಿರ ತಿರುನಾಳ್ ವೈದ್ಯಕೀಯ ಕೇಂದ್ರ ಶುರುವಾಯಿತು. ಅದನ್ನು ಕಟ್ಟಲು ಆಗಿನ ಮುಖ್ಯಮಂತ್ರಿ ಅಚ್ಯುತ ಮೇನೋನ್ ಕರೆಸಿಕೊಂಡವರು ಮಾವೇಲಿಕ್ಕರದ ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್. 1980ರಲ್ಲಿ ಸಂಸತ್ತಿನ ಕಾಯಿದೆಯಿಂದ ಅದು ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ಪೂಜಪ್ಪುರದ ಸಾಟೆಲ್ಮಂಡ್ ಅರಮನೆಯಲ್ಲಿ ಅವರು ತೆರೆದ ತಂತ್ರಜ್ಞಾನ ವಿಭಾಗ ಹೃದಯದ ಕೃತಕ ಕವಾಟವೊಂದನ್ನು ರೂಪಿಸಿದ ಕಥೆ ಪ್ರಸಿದ್ಧ: ಮೂರು ಮಾದರಿಗಳು ಒಂದಾದಮೇಲೊಂದು ಪರೀಕ್ಷೆಯಲ್ಲಿ ಸೋತು, ನಾಲ್ಕನೆಯದು 1990ರ ಡಿಸೆಂಬರ್ 6ರಂದು ರೋಗಿಯೊಬ್ಬರ ಹೃದಯದಲ್ಲಿ ಕೂತಿತು. ಮಣಿಪಾಲದ ಓದುಗರಿಗೆ ವಲಿಯತ್ತಾನ್ ಅಪರಿಚಿತರಲ್ಲ. 1993ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯಾಗಿ ಬಂದು, ಅಲ್ಲಿಯೇ ನೆಲೆಸಿ ಚರಕ, ಸುಶ್ರುತ, ವಾಗ್ಭಟರ ಬಗ್ಗೆ ಬರೆದು, 2024ರ ಜುಲೈ 17ರಂದು ಅಲ್ಲಿಯೇ ತೀರಿಕೊಂಡರು.

ಆ ಕಾಲದ ತಿರುವನಂತಪುರದ ವೈದ್ಯರನ್ನು ಕಾಡಿದ ಹೃದ್ರೋಗ ಎಂಡೋಮಯೋಕಾರ್ಡಿಯಲ್ ಫೈಬ್ರೋಸಿಸ್. ಹೃದಯದ ಕೋಣೆಯ ಒಳಪದರ ನಾರುಗಟ್ಟಿ ಗಟ್ಟಿಯಾಗಿ, ಕೋಣೆಯೇ ತುಂಬಿಹೋಗುವ ಈ ಕಾಯಿಲೆ ಕಡಲತಡಿಯ ಬಡವರದು, ಅದರಲ್ಲೂ ಎಳೆಯರದು. 1948ರಲ್ಲಿ ಉಗಾಂಡದಲ್ಲಿ ಮೊದಲು ವಿವರಿಸಲಾದ ಈ ರೋಗದ ದೊಡ್ಡ ನೆಲೆಗಳಲ್ಲಿ ಕೇರಳವೂ ಒಂದು. ನಾರುಗಟ್ಟಿ ಮುಚ್ಚಿದ ಹೃದಯದ ತುದಿಯೂ ಅದರ ಹಿಂದೆ ಬುರುಗಿನಂತೆ ಹಿಗ್ಗಿದ ಮೇಲ್ಕೋಣೆಯೂ ಎಕೋ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ವಲಿಯತ್ತಾನ್ ಮತ್ತು ರೋಗಶಾಸ್ತ್ರಜ್ಞ ಸಿ. ಸಿ. ಕರ್ತಾ, ಕೇರಳದ ಕರಾವಳಿಯ ಮೊನಜೈಟ್ ಮರಳಿನ ಸೀರಿಯಂ ಲೋಹವೂ ಆಹಾರದಲ್ಲಿ ಮೆಗ್ನೀಷಿಯಂ ಕೊರತೆಯೂ ಸೇರಿ ಈ ರೋಗ ಬರುತ್ತಿರಬಹುದೆಂಬ ಊಹೆಯನ್ನು ಮುಂದಿಟ್ಟರು. ಊಹೆ ಸಿದ್ಧವಾಗುವ ಮೊದಲೇ ರೋಗ ಕಡಿಮೆಯಾಗತೊಡಗಿತು. ಬಡತನದ ಹೃದ್ರೋಗ ಹಿಂದೆ ಸರಿದಂತೆ ಅದರ ಜಾಗಕ್ಕೆ ಕರೋನರಿ ಧಮನಿಯ ರೋಗ ಬಂತು. ಒಂದೇ ತಲೆಮಾರಿನ ವೈದ್ಯರು ಎರಡನ್ನೂ ಕಂಡರು. ಮೊದಲನೆಯದನ್ನು ಎದೆಯ ಮೇಲಿಂದಲೇ ಧ್ವನಿ ತೋರಿಸುತ್ತಿತ್ತು. ಎರಡನೆಯದು ಹಾಗೆ ಸಿಗುವಂಥದಲ್ಲ. ಮೂರು ನಾಲ್ಕು ಮಿಲಿಮೀಟರ್ ಅಗಲದ, ಪ್ರತಿ ಬಡಿತಕ್ಕೂ ಹೊಯ್ದಾಡುವ ನಾಳದ ಗೋಡೆಯೊಳಗೆ ಏನಿದೆಯೆಂಬುದು ಹೊರಗಿನ ಎಕೋಗೆ ಕಾಣಿಸುವುದಿಲ್ಲ.

ಧಮನಿಯನ್ನು ಕಾಣಲು ಆಗಲೇ ಒಂದು ದಾರಿಯಿತ್ತು. 1958ರ ಅಕ್ಟೋಬರಿನಲ್ಲಿ ಕ್ಲೀವ್‌ಲ್ಯಾಂಡಿನ ಮೇಸನ್ ಸೋನ್ಸ್ ಅವರ ಕ್ಯಾಥೆಟರ್ ಅಕಸ್ಮಾತ್ತಾಗಿ ರೋಗಿಯ ಬಲ ಕರೋನರಿಯ ಬಾಯಿಗೆ ಜಾರಿ, ಎಕ್ಸ್‌ರೇಯಲ್ಲಿ ಕಾಣುವ ದ್ರವ ಅಲ್ಲಿ ತುಂಬಿಕೊಂಡಿತು. ಸಾಯಬೇಕಾಗಿದ್ದ ರೋಗಿ ಬದುಕಿಕೊಂಡರು, ಆಂಜಿಯೋಗ್ರಾಂ ಹುಟ್ಟಿತು. 1977ರಲ್ಲಿ ಜೂರಿಕ್ಕಿನ ಆಂಡ್ರಿಯಾಸ್ ಗ್ರುಂಟ್ಸಿಗ್ ಬಲೂನಿನಿಂದ ಧಮನಿಯನ್ನು ಅಗಲಿಸಿದರು. ‘ಎಪ್ಪತ್ತು ಪರ್ಸೆಂಟ್ ಬ್ಲಾಕ್’ ಎಂಬ ನಮ್ಮ ಮಾತು ಈ ಚಿತ್ರಗಳ ಕೂಸು. ಆದರೆ ಆಂಜಿಯೋಗ್ರಾಂ ತೋರಿಸುವುದು ರಕ್ತ ಹರಿಯುವ ಹಾದಿಯ ಅಗಲವನ್ನು, ಗೋಡೆಯನ್ನಲ್ಲ. ನದಿಯ ನೀರಿನ ಹರವನ್ನು ವಿಮಾನದಿಂದ ನೋಡಿ, ದಡದ ಮಣ್ಣು ಒಳಗೊಳಗೆ ಕೊರೆದಿದೆಯೇ ಎಂದು ಹೇಳಲಾಗದು.

ಕೊರೆದಿತ್ತೆಂದು ತೋರಿಸಿದವರು ಶವಪರೀಕ್ಷೆ ಮಾಡಿದವರು. ಲಂಡನ್ನಿನ ಮೈಕೇಲ್ ಡೇವೀಸ್ 1984ರಲ್ಲಿ, ಹೃದ್ರೋಗದಿಂದ ಹಠಾತ್ತನೆ ಸತ್ತವರ ಧಮನಿಗಳನ್ನು ಸೀಳಿ ನೋಡಿದಾಗ, ಬಹುಮಂದಿಯಲ್ಲಿ ಬಿರಿದ ಪ್ಲಾಕಿನ ಮೇಲೆ ಹೊಸ ಹೆಪ್ಪು ಕಂಡಿತು. 1987ರಲ್ಲಿ ಷಿಕಾಗೋದ ಸೀಮೋರ್ ಗ್ಲಾಗೊವ್, ಪ್ಲಾಕ್ ಬೆಳೆದಂತೆ ಧಮನಿಯೂ ಹೊರಮುಖವಾಗಿ ಹಿಗ್ಗಿ ಅದಕ್ಕೆ ಜಾಗ ಮಾಡಿಕೊಡುತ್ತದೆಂದು ತೋರಿಸಿದರು. ಗಂಟು ಸುಮಾರು ನಲವತ್ತು ಪರ್ಸೆಂಟ್ ಜಾಗ ನುಂಗುವವರೆಗೂ ರಕ್ತದ ಹಾದಿ ಕಿರಿದಾಗುವುದೇ ಇಲ್ಲ, ಆಂಜಿಯೋಗ್ರಾಂ ನಿರ್ಮಲವಾಗಿಯೇ ಕಾಣುತ್ತದೆ. ಮರುವರ್ಷ ಅಮೆರಿಕದ ವಿಲಿಯಂ ಲಿಟಲ್ ಮತ್ತು ಸಂಗಡಿಗರ ಪುಟ್ಟ ಅಧ್ಯಯನ ಬಂತು. ಹೃದಯಾಘಾತಕ್ಕೆ ಮೊದಲೂ ನಂತರವೂ ಆಂಜಿಯೋಗ್ರಾಂ ಆಗಿದ್ದವರಲ್ಲಿ, ಧಮನಿಯೊಂದು ಹೊಸದಾಗಿ ಮುಚ್ಚಿಹೋಗಿದ್ದ 29 ಮಂದಿ ಸಿಕ್ಕಿದ್ದರು. ಅವರಲ್ಲಿ 19 ಮಂದಿಗೆ, ಮುಂದೆ ಪೂರ್ತಿ ಮುಚ್ಚಿಹೋದ ಧಮನಿಯಲ್ಲಿ ಮೊದಲ ಬಾರಿ ಕಂಡ ಬ್ಲಾಕ್ ಐವತ್ತು ಪರ್ಸೆಂಟಿಗೂ ಕಡಿಮೆ. ನಮ್ಮ ಪರ್ಸೆಂಟಿನ ಭಾಷೆಯಲ್ಲಿ ಅದು ‘ಏನೂ ಭಯವಿಲ್ಲ’ ಎನ್ನುವ ಬ್ಲಾಕ್. 29 ಸಣ್ಣ ಸಂಖ್ಯೆ ನಿಜ; ಆದರೂ ಹೃದ್ರೋಗಶಾಸ್ತ್ರದ ಇಷ್ಟು ದೊಡ್ಡ ನಂಬಿಕೆಯನ್ನು ಇಷ್ಟು ಸಣ್ಣ ಲೇಖನ ಅಲುಗಾಡಿಸಿದ್ದು ವಿರಳವೆಂದು ನಮ್ಮ ಎಣಿಕೆ.

ಬಾಸ್ಟನ್ನಿನ ಜೇಮ್ಸ್ ಮುಲ್ಲರ್ ಮೊದಲಾದವರು ಒಡೆಯಬಲ್ಲ ಪ್ಲಾಕಿಗೆ ಹೆಸರಿಟ್ಟು ಅದನ್ನು ಹುಡುಕಬೇಕೆಂದರು. ಭಾರತದಲ್ಲಿ ವೈದ್ಯಕೀಯ ಓದಿ ಅಮೆರಿಕದಲ್ಲಿ ರೋಗಶಾಸ್ತ್ರಜ್ಞೆಯಾದ ರೇಣು ವೀರಮಣಿ ಮತ್ತು ಅವರ ಸಹೋದ್ಯೋಗಿಗಳು ಅದರ ಚಹರೆಯನ್ನು ಬರೆದರು: ಒಳಗೆ ಸತ್ತ ಜೀವಕೋಶಗಳೂ ಜಿಡ್ಡೂ ಸೇರಿದ ಅಂಬಲಿಯಂಥ ತಿರುಳು, ಅದರ ಮೇಲೆ ತೆಳುವಾದ ನಾರಿನ ಮುಚ್ಚಳ, ಮುಚ್ಚಳವನ್ನು ಒಳಗಿನಿಂದ ಸವೆಸುವ ಉರಿಯೂತದ ಕೋಶಗಳು. ಮುಚ್ಚಳದ ದಪ್ಪ 65 ಮೈಕ್ರಾನಿಗಿಂತ ಕಡಿಮೆ, ಅಂದರೆ ತಲೆಗೂದಲಿಗಿಂತ ದಪ್ಪವಲ್ಲ. ಹಾಲಿನ ಕೆನೆ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ.

ಚಹರೆ ಸಿಕ್ಕಿತು, ಇನ್ನು ಹುಡುಕಬೇಕು. ಕಡಲಿನಲ್ಲಿ ಮಾಡಿದ್ದನ್ನೇ ಇಲ್ಲಿಯೂ ಮಾಡಿದರು: ಹೊರಗಿನಿಂದ ಕೇಳಿಸದಿದ್ದರೆ ಸೋನಾರನ್ನು ಒಳಕ್ಕೇ ಇಳಿಸುವುದು. ರಾಟರ್ಡ್ಯಾಮಿನ ಇಂಜಿನಿಯರ್ ನಿಕೊಲಾಸ್ ಬಾಮ್ ನೀರೊಳಗಿನ ಧ್ವನಿಯ ಸಂಶೋಧನೆಯಲ್ಲಿ ಪಳಗಿ ಹೃದ್ರೋಗಕ್ಕೆ ಬಂದವರು. 1972ರಲ್ಲಿ ಅವರೂ ಸಂಗಡಿಗರೂ ಕ್ಯಾಥೆಟರಿನ ತುದಿಯ ಸುತ್ತ 32 ಪುಟ್ಟ ಹರಳುಗಳನ್ನು ಕೂರಿಸಿ, ಒಂದೊಂದಕ್ಕೂ ಕ್ಷಣದ ಅಂತರ ಕೊಟ್ಟು ಮಿಡಿಸುತ್ತ ಹೃದಯದ ಒಳಗಿನಿಂದ ಹೃದಯವನ್ನು ನೋಡುವ ಸಾಧನ ಮಾಡಿದರು. ಹಲವು ಹರಳುಗಳ ಧ್ವನಿಯನ್ನು ಹೊಂದಿಸಿ ಕಿರಣವನ್ನು ತಿರುಗಿಸುವ ಈ ವಿದ್ಯೆ ಹಡಗಿನ ಸೋನಾರಿನದೇ. ಕರೋನರಿಯೊಳಗೆ ಹೋಗುವಷ್ಟು ಸಣ್ಣ ಸಾಧನ ಬಂದದ್ದು 1980ರ ದಶಕದ ಕೊನೆಗೆ, ಕ್ಯಾಲಿಫೋರ್ನಿಯಾದ ಪಾಲ್ ಯೋಕ್ ಮೊದಲಾದವರ ಕೈಯಲ್ಲಿ. ಸುಮಾರು ಒಂದು ಮಿಲಿಮೀಟರ್ ದಪ್ಪದ ಕ್ಯಾಥೆಟರಿನ ತುದಿಯಲ್ಲಿ ಗಿರಗಿರನೆ ತಿರುಗುವ ಹರಳು. ಅದನ್ನು ಧಮನಿಯ ದೂರದ ತುದಿಗೆ ತಲುಪಿಸಿ ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾರೆ. ಪರದೆಯ ಮೇಲೆ ಮರದ ಅಡ್ಡಕೊಯ್ತದಂತೆ ಧಮನಿಯ ಉಂಗುರಗಳು ಒಂದಾದಮೇಲೊಂದು ಬರುತ್ತವೆ. ಆಂಜಿಯೋಗ್ರಾಂ ನಿರ್ಮಲವೆಂದಿದ್ದ ಕಡೆ ಗೋಡೆಯೊಳಗೆ ಕುಳಿತ ದಪ್ಪ ಪ್ಲಾಕುಗಳು ಜೀವಂತ ಮನುಷ್ಯರಲ್ಲಿ ಕಂಡವು. ಗ್ಲಾಗೊವ್ ಹೇಳಿದ್ದು ನಿಜವಾಗಿತ್ತು.

ಆದರೆ ಧ್ವನಿಗೂ ಮಿತಿಯಿದೆ. 40 ಮೆಗಾಹರ್ಟ್ಸ್ ಧ್ವನಿಯ ಒಂದು ಅಲೆಯ ಉದ್ದವೇ ಸುಮಾರು 38 ಮೈಕ್ರಾನ್. ಕೆಲವೇ ಅಲೆಗಳ ಒಂದು ಮಿಡಿತದಿಂದ ಬಿಡಿಸಿ ತೋರಿಸಬಲ್ಲ ಅತಿ ಸಣ್ಣ ಅಂತರ ವಾಸ್ತವದಲ್ಲಿ ನೂರು ಮೈಕ್ರಾನಿನ ಆಸುಪಾಸು ಅಥವಾ ಅದಕ್ಕೂ ಹೆಚ್ಚು. 65 ಮೈಕ್ರಾನಿನ ಮುಚ್ಚಳ ಅದಕ್ಕೆ ಕಾಣುವುದೇ ಇಲ್ಲ. ಮರಳಿ ಬಂದ ಧ್ವನಿಯ ಸ್ವರೂಪವನ್ನು ಗಣಿತದಿಂದ ವಿಂಗಡಿಸಿ ನಾರು, ಜಿಡ್ಡು, ಸುಣ್ಣ, ಸತ್ತ ತಿರುಳು ಎಂದು ನಾಲ್ಕು ಬಣ್ಣ ಹಚ್ಚುವ ವಿಧಾನವೊಂದನ್ನು 2002ರ ಹೊತ್ತಿಗೆ ಕ್ಲೀವ್‌ಲ್ಯಾಂಡಿನಲ್ಲಿ ರೂಪಿಸಿದರು. ಬಣ್ಣ ಬಂದೊಡನೆ ಖಚಿತತೆ ಬಂದಂತೆ ತೋರುವುದು ಮನುಷ್ಯಸ್ವಭಾವ. ವಾಸ್ತವದಲ್ಲಿ ಆ ಬಣ್ಣಗಳು ಊಹೆಗಳು, ಒಳ್ಳೆಯ ಊಹೆಗಳು. ಸುಣ್ಣಗಟ್ಟಿದ ಪ್ಲಾಕಿನ ಹಿಂದೆಯಂತೂ ಧ್ವನಿ ಹೋಗದೆ ಕಪ್ಪು ನೆರಳು ಬೀಳುತ್ತದೆ, ಕಡಲಿನಲ್ಲಿ ಬಿದ್ದಂತೆಯೇ. ಮುಂದೆ ಬೆಳಕಿನ ಪ್ರತಿಫಲನದಿಂದ ಹತ್ತಿಪ್ಪತ್ತು ಮೈಕ್ರಾನ್ ಸೂಕ್ಷ್ಮತೆಯಲ್ಲಿ ನೋಡುವ ಓಸಿಟಿ ಎಂಬ ಸಾಧನ ಬಂದು ಮುಚ್ಚಳವನ್ನು ತೋರಿಸಿತು. ಆದರೆ ಬೆಳಕು ಗೋಡೆಯೊಳಕ್ಕೆ ಆಳವಾಗಿ ಇಳಿಯದು.

ನಿಜವಾದ ಪರೀಕ್ಷೆ 2011ರಲ್ಲಿ ಪ್ರಕಟವಾದ ‘ಪ್ರಾಸ್ಪೆಕ್ಟ್’ ಅಧ್ಯಯನ. ಹೃದಯಾಘಾತದಂಥ ತುರ್ತಿನಿಂದ ಬಂದ 697 ಮಂದಿಗೆ, ತೊಂದರೆ ಕೊಟ್ಟ ಜಾಗಕ್ಕೆ ಚಿಕಿತ್ಸೆ ಮಾಡಿ, ಮೂರೂ ಧಮನಿಗಳನ್ನು ಒಳಗಿನಿಂದ ಧ್ವನಿಯ ಮೂಲಕ ನೋಡಿ, ಮೂರು ವರ್ಷ ಕಾದರು. ಚಿಕಿತ್ಸೆಯಾಗದೆ ಉಳಿದ ಪ್ಲಾಕುಗಳಿಂದ ನೂರಕ್ಕೆ 11.6 ಮಂದಿಗೆ ತೊಂದರೆಯಾಯಿತು. ಹಾಗೆ ಕೈಕೊಟ್ಟ ಪ್ಲಾಕುಗಳು ಮೊದಲ ದಿನದ ಆಂಜಿಯೋಗ್ರಾಂನಲ್ಲಿ ಸರಾಸರಿ 32 ಪರ್ಸೆಂಟ್ ಬ್ಲಾಕ್ ಮಾತ್ರ. ಅಲ್ಲಿಗೆ ಹುಡುಕಾಟಕ್ಕೆ ಗೆಲುವೆನ್ನಬೇಕು. ಆದರೆ ಇದೇ ಅಧ್ಯಯನದ ಇನ್ನೊಂದು ಸಂಖ್ಯೆಯನ್ನು ನಾವು ಹೆಚ್ಚು ಮುಖ್ಯವೆಂದು ಭಾವಿಸುತ್ತೇವೆ. ತೆಳು ಮುಚ್ಚಳ, ದೊಡ್ಡ ಗಾತ್ರ, ಕಿರಿದಾದ ಹಾದಿ ಎಂಬ ಮೂರು ಅಪಾಯಲಕ್ಷಣಗಳೂ ಕೂಡಿದ್ದ, ಎಲ್ಲಕ್ಕಿಂತ ಭಯಾನಕವೆಂದು ತೋರಿದ ಪ್ಲಾಕುಗಳಲ್ಲೂ ಆ ಅವಧಿಯಲ್ಲಿ ತೊಂದರೆ ಕೊಟ್ಟದ್ದು ನೂರಕ್ಕೆ 18 ಮಾತ್ರ. ಐದರಲ್ಲಿ ನಾಲ್ಕು ಸುಮ್ಮನಿದ್ದವು. ಆದ ತೊಂದರೆಗಳಲ್ಲೂ ಹೆಚ್ಚಿನವು ಎದೆನೋವಿಗೆ ಆಸ್ಪತ್ರೆ ಸೇರಿದ್ದು, ಸಾವಲ್ಲ. ಪ್ಲಾಕುಗಳು ಸದ್ದಿಲ್ಲದೆ ಬಿರಿದು, ಸದ್ದಿಲ್ಲದೆ ಮಾಯ್ದು, ಮತ್ತೆ ಬೆಳೆಯುತ್ತವೆಂಬುದು ಶವಪರೀಕ್ಷೆಗಳಿಂದ ಗೊತ್ತಿದ್ದ ಸಂಗತಿಯೇ. ಪ್ರತಿಧ್ವನಿ ಬಂತು, ಅದು ಜಲಾಂತರ್ಗಾಮಿಯೋ ಮೀನಿನ ಹಿಂಡೋ ಎಂಬ ಪ್ರಶ್ನೆ ಉಳಿಯಿತು.

ಹಾಗಾದರೆ ಕಂಡದ್ದಕ್ಕೆಲ್ಲ ಸ್ಟೆಂಟ್ ಹಾಕಿಬಿಡಬಹುದಲ್ಲ ಎಂಬ ಆಸೆ ಸಹಜ. 2024ರಲ್ಲಿ ಕೊರಿಯದ ವೈದ್ಯರ ನೇತೃತ್ವದಲ್ಲಿ ಬಂದ ‘ಪ್ರಿವೆಂಟ್’ ಅಧ್ಯಯನ ಅದನ್ನೇ ಪರೀಕ್ಷಿಸಿತು. ರಕ್ತದ ಹರಿವಿಗೆ ಅಡ್ಡಿ ಮಾಡದ, ಆದರೆ ಒಡೆಯಬಲ್ಲ ಲಕ್ಷಣಗಳಿದ್ದ ಪ್ಲಾಕಿನ 1,606 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮುಂಜಾಗ್ರತೆಯ ಸ್ಟೆಂಟ್, ಉಳಿದವರಿಗೆ ಔಷಧ ಮಾತ್ರ. ಎರಡು ವರ್ಷಕ್ಕೆ ಮೊದಲ ಗುಂಪಿನಲ್ಲಿ ನೂರಕ್ಕೆ 0.4, ಎರಡನೆಯದರಲ್ಲಿ 3.4 ಮಂದಿಗೆ ತೊಂದರೆ. ಸ್ಟೆಂಟ್ ಪಕ್ಷದವರು ಇದನ್ನು ಎಂಟು ಪಟ್ಟು ಇಳಿಕೆಯೆಂದು ಓದಿದರು. ನಾವು ಇನ್ನೊಂದು ಬಗೆಯಲ್ಲಿ ಓದುತ್ತೇವೆ. ಬರಿ ಮಾತ್ರೆ ನುಂಗಿದ ನೂರು ಜನರಲ್ಲಿ ತೊಂಬತ್ತಾರಕ್ಕೂ ಹೆಚ್ಚು ಮಂದಿಗೆ ಎರಡು ವರ್ಷ ಏನೂ ಆಗಲಿಲ್ಲ. ಎರಡು ಓದೂ ಸರಿಯೇ. ಯಾವುದನ್ನು ಆರಿಸಬೇಕೆಂಬುದು ಪರದೆಯ ಚಿತ್ರದಿಂದ ನಿರ್ಧಾರವಾಗುವ ಸಂಗತಿಯಲ್ಲ. ಮಾತ್ರೆಗಳ ಈ ಬಲವನ್ನು ತೋರಿಸಿಕೊಟ್ಟದ್ದೂ ಅದೇ ಧ್ವನಿಯೆಂಬುದು ಇಲ್ಲಿನ ಸೋಜಿಗ. ಜಪಾನಿನ ಅಕಿರಾ ಎಂಡೊ ಬೂಷ್ಟಿನಲ್ಲಿ ಕಂಡ ಸ್ಟಾಟಿನ್ ವರ್ಗದ ಔಷಧಗಳು ಪ್ಲಾಕಿನ ಗಾತ್ರವನ್ನು ಸ್ವಲ್ಪವಾದರೂ ಕುಗ್ಗಿಸುತ್ತವೆಂಬುದು 2006ರ ಹೊತ್ತಿಗೆ ಧಮನಿಯೊಳಗಿನ ಅಳತೆಗಳಿಂದಲೇ ಗೊತ್ತಾಯಿತು.

ಈ ನಡುವೆ ಕೇರಳದ ಹೃದ್ರೋಗವೈದ್ಯರು ಮತ್ತೊಂದು ಬಗೆಯ ಎಣಿಕೆಯನ್ನು ಮಾಡಿದರು. 2007ರಿಂದ 2009ರವರೆಗೆ 125 ಆಸ್ಪತ್ರೆಗಳಿಗೆ ಹೃದಯಾಘಾತ ಮತ್ತು ಅದರಂಥ ತುರ್ತಿನಿಂದ ಬಂದ 25,748 ಮಂದಿಯ ವಿವರಗಳನ್ನು ದಾಖಲಿಸಿ 2013ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಿ ಅಷ್ಟು ದೊಡ್ಡ ಪ್ರಮಾಣದ ದಾಖಲೆ ವಿರಳ. ಮುಂದೆ 63 ಆಸ್ಪತ್ರೆಗಳ 21,374 ಮಂದಿಯಲ್ಲಿ, ಚಿಕಿತ್ಸೆಯ ಪರಿಶೀಲನಪಟ್ಟಿಯಂಥ ಸರಳ ಉಪಾಯಗಳಿಂದ ಫಲ ಸುಧಾರಿಸುವುದೇ ಎಂದೂ ಪರೀಕ್ಷಿಸಿದರು; ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲವೆಂದು 2018ರಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಒಡೆಯುವ ಪ್ಲಾಕನ್ನು ಮೊದಲೇ ಹಿಡಿಯಲಾಗದ ತನಕ, ಒಡೆದಮೇಲೆ ಎಷ್ಟು ಬೇಗ ಆಸ್ಪತ್ರೆಗೆ ತಲುಪುತ್ತೇವೆಂಬುದೇ ಜೀವ ಉಳಿಸುವ ಲೆಕ್ಕ. ಈ ಲೆಕ್ಕ ಕಾಸರಗೋಡಿನ ಕನ್ನಡಿಗರಿಗೆ ಬೇರೆಯೇ ಆಗಿದೆ. ಮಂಜೇಶ್ವರದವರಿಗೆ ತಿರುವನಂತಪುರ ಐನೂರು ಕಿಲೋಮೀಟರಿಗೂ ದೂರ, ಮಂಗಳೂರು ಕೂಗಳತೆ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ ಆಂಬುಲೆನ್ಸುಗಳು ನಿಂತಾಗ, ಆ ಕೂಗಳತೆಯ ದಾರಿಗಾಗಿ ಕೊಚ್ಚಿಯ ಹೈಕೋರ್ಟಿನಲ್ಲೂ ದೆಹಲಿಯ ಸುಪ್ರೀಂ ಕೋರ್ಟಿನಲ್ಲೂ ವಾದ ನಡೆಯಬೇಕಾಯಿತು.

ಇಂದು ಕೊಚ್ಚಿಯ ಮತ್ತು ತಿರುವನಂತಪುರದ ದೊಡ್ಡ ಆಸ್ಪತ್ರೆಗಳ ಕ್ಯಾಥ್ ಲ್ಯಾಬುಗಳಲ್ಲಿ ಧಮನಿಯೊಳಗಿನ ಅಲ್ಟ್ರಾಸೌಂಡ್ ಹೊಸದಲ್ಲ. ಬಿಲ್ಲಿನಲ್ಲಿ ‘ಐವಸ್’ ಎಂಬ ಮೂರಕ್ಷರ ಕಂಡು ಬೆಚ್ಚಿದವರು ನಮ್ಮ ಬಳಗದಲ್ಲೂ ಇದ್ದಾರೆ. ಒಮ್ಮೆ ಬಳಸಿ ಎಸೆಯುವ ಕ್ಯಾಥೆಟರ್ ಅದು, ಅಗ್ಗದ್ದಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿದಾಗ ಈ ಕ್ಯಾಥೆಟರ್ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಅದನ್ನು ಈಗ ಹೆಚ್ಚಾಗಿ ಬಳಸುವುದು ಒಡೆಯಬಲ್ಲ ಪ್ಲಾಕನ್ನು ಬೇಟೆಯಾಡಲು ಅಲ್ಲ. ಸ್ಟೆಂಟ್ ಹಾಕುವ ಮೊದಲು ಧಮನಿಯ ನಿಜವಾದ ಅಗಲವನ್ನು ಅಳೆಯಲು, ಹಾಕಿದಮೇಲೆ ಅದು ಗೋಡೆಗೆ ಸರಿಯಾಗಿ ಅಂಟಿ ಪೂರ್ತಿ ಅರಳಿದೆಯೇ ಎಂದು ನೋಡಲು. ಜಟಿಲವಾದ ಬ್ಲಾಕುಗಳಲ್ಲಿ ಹೀಗೆ ನೋಡಿಯೇ ಸ್ಟೆಂಟ್ ಹಾಕಬೇಕೆಂದು ಯುರೋಪಿನ ಹೃದ್ರೋಗವೈದ್ಯರ ಸಂಘ 2024ರ ತನ್ನ ಮಾರ್ಗಸೂಚಿಯಲ್ಲಿ ಅತ್ಯುನ್ನತ ದರ್ಜೆಯ ಶಿಫಾರಸು ಮಾಡಿದೆ. ಕ್ಯಾಥೆಟರನ್ನು ಹಿಂದಕ್ಕೆಳೆಯುವಾಗ ಪಕ್ಕದ ಗೋಡೆಗಳಲ್ಲಿ ಮಲಗಿದ ಮೆತ್ತನೆಯ ಗಂಟುಗಳೂ ಪರದೆಯ ಮೇಲೆ ಹಾದುಹೋಗುತ್ತವೆ. ವೈದ್ಯರು ಅವನ್ನು ನೋಡುತ್ತಾರೆ, ಗುರುತು ಹಾಕಿಕೊಳ್ಳುತ್ತಾರೆ, ಬಹಳ ಸಲ ಹಾಗೆಯೇ ಬಿಟ್ಟು ಚೀಟಿಯಲ್ಲಿ ಸ್ಟಾಟಿನ್ ಬರೆದುಕೊಡುತ್ತಾರೆ.